ಜೋಡಿ ಕವಚ

ಹಳೆಯ ಕಾರಿನ ಒಡೆಯನ ಕಣ್ಣು ಅದರ ಬಣ್ಣದ ಮೇಲೆ. ಎಂಜಿನ್ನನ್ನು ಬಿಚ್ಚಿ ಕಟ್ಟುವವನ ಕಣ್ಣು ಅದರ ಕವಚದ ಮೇಲೆ. ಪಿಸ್ಟನ್, ವಾಲ್ವು, ಬೇರಿಂಗುಗಳನ್ನು ಹಣ ತೆತ್ತು ತರಬಹುದು. ಅವನ್ನೆಲ್ಲ ಒಡಲಲ್ಲಿ ಹಿಡಿದಿಡಬೇಕಾದ ಕವಚವೇ ಸೋತಿದ್ದರೆ, ತಂದದ್ದೆಲ್ಲ ಸೋರುವ ಮನೆಗೆ ತಂದ ಹೊಸ ಹಾಸಿಗೆಯಂತೆ.

ಜರ್ಮನಿಯ ಊರೊಂದರಲ್ಲಿ ಗೃಹಸ್ಥನೊಬ್ಬ ತನ್ನ ತಂದೆಯ 1967ರ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಎಂಜಿನ್ನನ್ನು ಕಮ್ಮಟಕ್ಕೆ ಒಪ್ಪಿಸಿದ. ಗೂನು ಬೆನ್ನಿನ ಈ ಕಾರನ್ನು ಅರಿಯದವರಾರು? 2003ರ ಜುಲೈಯಲ್ಲಿ ಮೆಕ್ಸಿಕೋದ ಪುಯೆಬ್ಲಾದಲ್ಲಿ ಕೊನೆಯದು ಹೊರಬೀಳುವ ಹೊತ್ತಿಗೆ ಅದರ ಸಂತತಿ 2 ಕೋಟಿ 15 ಲಕ್ಷವನ್ನು ಮೀರಿತ್ತು. ಆದರೆ ಈ ಮಗನಿಗೆ ಬೇಕಾದುದು ಅವುಗಳಲ್ಲಿ ಒಂದೇ. ಡೈನಮೋ ಪೀಠದ ಕೆಳಗೆ ಕವಚದ ಮೇಲೆ ಒತ್ತಿದ ಅಂಕಿ, ತಂದೆ ಕಾಪಿಟ್ಟ ಕಾಗದದ ಅಂಕಿಯೊಡನೆ ಇಂದಿಗೂ ಕೂಡುತ್ತಿತ್ತು. ಬೇರೆ ಕವಚ ತಂದರೆ ಕಾರು ಓಡೀತು, ಆ ಅಂಕಿ ಮಾತ್ರ ಹೋದೀತು. "ಈ ಎಂಜಿನ್ನಿಗೆ ಯಾರೂ ಕೈ ಹಚ್ಚಿಲ್ಲ" ಎಂದು ಮುದುಕ ಬದುಕಿದ್ದಷ್ಟು ಕಾಲವೂ ಹೇಳಿಕೊಳ್ಳುತ್ತಿದ್ದನಂತೆ.

ಈ ಕವಚ ಎಡಬಲವಾಗಿ ಎರಡು ಹೋಳು. ಕಾರ್ಖಾನೆಯಲ್ಲಿ ಎರಡನ್ನೂ ಜೋಡಿಸಿಯೇ ಕೊರೆದಿರುವುದರಿಂದ ಒಂದರ ಎಡಕ್ಕೆ ಇನ್ನೊಂದರ ಬಲ ಹೊಂದದು. ಲೋಹ ಮೆಗ್ನೀಸಿಯಮ್ಮಿನ ಮಿಶ್ರಣ. ಅಷ್ಟೇ ಗಾತ್ರದ ಬೀಡುಕಬ್ಬಿಣದ ಕಾಲುಭಾಗದಷ್ಟು ತೂಕ. ಆ ಹಗುರದ ಬೆಲೆಯನ್ನು ಮುಂದೆಂದೋ ತೆರಲೇಬೇಕು. ಕಾದಾಗ ಮೆಗ್ನೀಸಿಯಮ್ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ. ಸಿಲಿಂಡರುಗಳನ್ನು ಬಿಗಿದ ಉಕ್ಕಿನ ಸ್ಟಡ್ಡುಗಳು ಮೆತ್ತನೆಯ ಮರೆಯನ್ನು ಕಿತ್ತುಕೊಂಡು ಮೇಲೇಳುತ್ತವೆ. ಇಲ್ಲಿಯೂ 16ರಲ್ಲಿ 3 ಎದ್ದಿದ್ದವು. ಅದಕ್ಕೆ ಮದ್ದಿದೆ: ತೂತನ್ನು ಹಿಗ್ಗಿಸಿ ಉಕ್ಕಿನ ಮರೆಯುಳ್ಳ ತೋಳನ್ನು ಕೂರಿಸಿದರಾಯಿತು. ಕಸುಬುದಾರ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಅವನಿಗೆ ಭಯವಿದ್ದುದು ಮೂರನೆಯ ಸಿಲಿಂಡರಿನ ಹಿಂದಿನ ಗೋಡೆಯದು. ಆ ಕಾಲದ ಎಂಜಿನ್ನುಗಳಲ್ಲಿ ಎಣ್ಣೆಯನ್ನು ತಣಿಸುವ ಕೂಲರು ಮೂರನೆಯದರ ಗಾಳಿಗೆ ಅಡ್ಡ ನಿಲ್ಲುತ್ತದೆ. ಎಲ್ಲರಿಗೂ ತಂಪು ಹಂಚುವ ಭರದಲ್ಲಿ ನೆರೆಯವನನ್ನೇ ಬೇಯಿಸುವ ಉಪಕಾರಿ! ಬೆಂದ ಆ ಬದಿಯಲ್ಲಿ ಕವಚ ಬಿರಿಯುವುದುಂಟು. ಬಿರುಕನ್ನು ಬೆಸೆಯಬಹುದು. ಆದರೆ ಬೆಸುಗೆಯ ಶಾಖಕ್ಕೆ ಹೋಳು ಸೊಟ್ಟಗಾದೀತೆಂಬ ಅಂಜಿಕೆ ಬೇರೆ.

ಕಬ್ಬಿಣವಾಗಿದ್ದರೆ ಕಾಂತ ಹಿಡಿದು, ಕಬ್ಬಿಣದ ಪುಡಿ ಚೆಲ್ಲಿ ಬಿರುಕನ್ನು ಕಾಣಬಹುದಿತ್ತು. ಮೆಗ್ನೀಸಿಯಮ್ಮಿಗೆ ಕಾಂತದ ಹಂಗಿಲ್ಲ. ಆದುದರಿಂದ ಕಸುಬುದಾರ ಹೋಳನ್ನು ಚೊಕ್ಕಟವಾಗಿ ತೊಳೆದು, ಕೆಂಪು ದ್ರವವನ್ನು ಬಳಿದು, ಅದು ಇಳಿಯುವಷ್ಟು ಹೊತ್ತು ಬಿಟ್ಟು, ಒರಸಿ, ಮೇಲೆ ಬಿಳಿಯ ಲೇಪವನ್ನು ಎರಚಿದ. ಬಿರುಕಿದ್ದರೆ ಅದರಲ್ಲಿ ಅಡಗಿದ ಕೆಂಪು ಬಿಳುಪಿನ ಮೇಲೆ ಗೆರೆಯಾಗಿ ಮೂಡಬೇಕು. ಮಗ ಆ ಬಿಳುಪನ್ನು ನೋಡುತ್ತ ನಿಂತ ನಿಮಿಷಗಳು ಆಸ್ಪತ್ರೆಯ ಹೊಸ್ತಿಲಿನ ನಿಮಿಷಗಳಂತೆಯೇ ಉದ್ದವಾಗಿದ್ದವು. ಗೆರೆ ಮೂಡಲಿಲ್ಲ.

"ಇನ್ನೂ ಸಂತೋಷಪಡಬೇಡಿ" ಎಂದ ಕಸುಬುದಾರ.

ಕ್ರ್ಯಾಂಕ್ ದಂಡವನ್ನು ಹೊರುವ ಬೇರಿಂಗಿನ ಮನೆಗಳು ಬಾಕಿಯಿದ್ದವು. ದಂಡವು ತಿರುಗುವಾಗ ತುಸು ಬಾಗಿ ನಡುವಣ ಮನೆಯನ್ನು ಎಡೆಬಿಡದೆ ಬಡಿಯುತ್ತದೆ. ಮೆತ್ತನೆಯ ಲೋಹ ವರ್ಷವರ್ಷವೂ ಕೂದಲೆಳೆಯಷ್ಟು ಸರಿದು, ದುಂಡಾಗಿದ್ದುದು ಮೊಟ್ಟೆಯಾಕಾರವಾಗುತ್ತದೆ. ಆಗ ಎಣ್ಣೆ ಸಂದಿಯಲ್ಲಿ ಸೋರಿ ಒತ್ತಡ ಇಳಿಯುತ್ತದೆ. ಕಣ್ಣಿಗೆ ಮಾತ್ರ ಏನೂ ಕಾಣದು. ಅದಕ್ಕಾಗಿ ಕಸುಬುದಾರ ಎರಡು ಹೋಳುಗಳನ್ನೂ ಬರಿದಾಗಿಯೇ ಜೋಡಿಸಿ, ಬೋಲ್ಟುಗಳನ್ನು ಹೇಳಿದಷ್ಟೇ ಬಿಗಿದು, ಮುಳ್ಳಿನ ಮಾಪಕವನ್ನು ಒಳಗಿಳಿಸಿ ಒಂದೊಂದು ದಿಕ್ಕಿನಲ್ಲೂ ಅಳೆದ. ಕಾರ್ಖಾನೆಯ ಮೂಲ ಅಳತೆ 65 ಮಿಲಿಮೀಟರು. ಇಲ್ಲಿ ಮೊದಲನೆಯ ಮನೆ 65.5. ಮೂರನೆಯದೂ ಅಷ್ಟೇ. ನಡುವಣದು ಅದಕ್ಕಿಂತ 0.06 ಹೆಚ್ಚು, ಅದೂ ಒಂದೇ ದಿಕ್ಕಿನಲ್ಲಿ.

ಕಸುಬುದಾರ ಮಾತಾಡದೆ, ಬಿಚ್ಚಿಟ್ಟಿದ್ದ ಹಳೆಯ ಬೇರಿಂಗೊಂದನ್ನು ಎತ್ತಿ ಬೆನ್ನನ್ನು ಒರಸಿ ತೋರಿಸಿದ. ಅಲ್ಲಿ 0.50 ಎಂದು ಒತ್ತಿತ್ತು.

"ಹಾಗೆಂದರೆ?"

"ಹಿಂದೆ ಒಮ್ಮೆ ಮನೆಗಳನ್ನು ಕೊರೆಸಿ ದೊಡ್ಡ ಬೇರಿಂಗು ಕೂರಿಸಿದ್ದಾರೆ. ಚೆನ್ನಾಗಿಯೇ ಮಾಡಿಸಿದ್ದಾರೆ."

ಮಗ ಬಹಳ ಹೊತ್ತು ಆ ಅಂಕಿಯನ್ನು ನೋಡಿದ. ಯಾರೂ ಕೈ ಹಚ್ಚದ ಎಂಜಿನ್ನು! ಯಾವ ವರ್ಷ, ಯಾವ ಕಮ್ಮಟ, ಖರ್ಚಿನ ಹಣ ಎಲ್ಲಿಂದ ಬಂತು, ತಾಯಿಗಾದರೂ ತಿಳಿದಿತ್ತೇ? ಹೇಳಬಲ್ಲವರಾರೂ ಉಳಿದಿರಲಿಲ್ಲ. ಅವನಿಗೆ ಸಿಟ್ಟು ಬರಬೇಕಿತ್ತು, ನಗು ಬಂತು.

"ಇನ್ನೊಮ್ಮೆ ಕೊರೆಯಬಹುದೆ?"

"ಒಂದು ಮಿಲಿಮೀಟರಿನ ಬೇರಿಂಗು ದೊರೆಯುತ್ತದೆ. ಕೊರೆಯಬಹುದು. ಆಮೇಲೆ ನನ್ನನ್ನು ಕೇಳಬೇಡಿ."

ಮಗ ಒಪ್ಪಿದ. ಕಸುಬುದಾರ ಸುಣ್ಣದ ಕಡ್ಡಿಯಿಂದ ಕವಚದ ಮೇಲೆ 1.00 ಎಂದು ಬರೆದು, ಎರಡು ಹೋಳುಗಳೂ ಅಗಲದಂತೆ ಒಂದೇ ಬಟ್ಟೆಯಲ್ಲಿ ಸುತ್ತಿ ಕೊರೆಯುವ ಯಂತ್ರದ ಕಡೆಗೆ ಸಾಗಿಸಿದ.