ಒಳಲೆಯ ಹಾಲು

ಎಂಟು ತಿಂಗಳ ಕೂಸಿಗೆ ಹಟವೇನು ತಿಳಿಯುತ್ತದೆ ಎನ್ನುವವರು ಅಂಥ ಕೂಸಿನ ಬಾಯಿಗೆ ಹಾಲಿನ ಬಾಟಲಿ ಇಟ್ಟು ನೋಡಿದವರಲ್ಲ. ನಾನು ಇಟ್ಟು ನೋಡಿದ್ದೇನೆ. ಒಂದು ದಿನವಲ್ಲ, ಹದಿನೆಂಟು ದಿನ. ಮೊದಲ ದಿನ ನಮ್ಮ ಮಗರಾಯ ಅದನ್ನು ಆಟದ ಸಾಮಾನೆಂದು ತಿಳಿದು ನಕ್ಕ. ಎರಡನೆಯ ದಿನ ರಬ್ಬರಿನ ತೊಟ್ಟನ್ನು ಒಸಡಿನಲ್ಲಿ ಕಚ್ಚಿ ಪರೀಕ್ಷಿಸಿದ. ಮೂರನೆಯ ದಿನ ಮರ್ಮವೆಲ್ಲ ತಿಳಿದುಹೋಯಿತು. ಅಂದಿನಿಂದ ಬಾಟಲಿ ಕಂಡರೆ ಸಾಕು, ಮೈಯನ್ನು ಬಿಲ್ಲಿನಂತೆ ಬಾಗಿಸಿ, ನಮ್ಮೂರ ಏಳು ಸುತ್ತಿನ ಕೋಟೆಯ ಬಾಗಿಲುಗಳನ್ನೆಲ್ಲ ಒಮ್ಮೆಗೇ ಹಾಕಿಕೊಂಡಂತೆ ತುಟಿ ಬಿಗಿದುಬಿಡುತ್ತಿದ್ದ.

ಹಟ ಅವನದು ಮಾತ್ರವಾಗಿರಲಿಲ್ಲ. ನಮ್ಮ ಮನೆ ಚಿತ್ರದುರ್ಗದಲ್ಲಿ, ನನ್ನ ಕೆಲಸ ಹಿರಿಯೂರಿನಲ್ಲಿ. ನಡುವೆ ಹತ್ತಿರ ಹತ್ತಿರ ನಲವತ್ತು ಕಿಲೋಮೀಟರು. 1961ರ ಹೆರಿಗೆ ಸೌಲಭ್ಯ ಕಾಯಿದೆ ತಾಯಂದಿರಿಗೆ ಹನ್ನೆರಡು ವಾರದ ರಜೆ ಕೊಟ್ಟಿತ್ತು. 2017ರ ತಿದ್ದುಪಡಿ ಅದನ್ನು ಇಪ್ಪತ್ತಾರು ವಾರಕ್ಕೆ ಏರಿಸಿತು. ಅದರ ಬಾಲಕ್ಕೆ ನನ್ನ ಗಳಿಕೆ ರಜೆಯನ್ನೂ ಕಟ್ಟಿ ಎಂಟು ತಿಂಗಳು ಎಳೆದದ್ದಾಯಿತು. ಮಗುವಿಗೆ ಹದಿನೈದು ತಿಂಗಳಾಗುವವರೆಗೆ ಹಾಲೂಡಿಸುವುದಕ್ಕೆಂದು ದಿನಕ್ಕೆ ಎರಡು ಬಿಡುವು ಕೊಡಬೇಕೆಂದೂ ಅದೇ ಕಾಯಿದೆ ಹೇಳುತ್ತಿತ್ತು. ಬಹಳ ಕರುಣೆಯ ಮಾತು. ಆದರೆ ತಾಯಿ ಹಿರಿಯೂರಿನಲ್ಲಿ, ಕೂಸು ದುರ್ಗದಲ್ಲಿ ಇದ್ದರೆ ಆ ಬಿಡುವಿನಲ್ಲಿ ಏನು ಮಾಡಬೇಕೆಂದು ಅದು ಹೇಳುತ್ತಿರಲಿಲ್ಲ. ಐವತ್ತು ಜನ ದುಡಿಯುವ ಕಡೆ ಶಿಶುಗೃಹ ಇರಬೇಕಂತೆ. ನಮ್ಮ ಕಚೇರಿಯಲ್ಲಿ ಜವಾನನನ್ನೂ ಸೇರಿಸಿ ಹನ್ನೊಂದು ಜನ.

ಹೀಗಾಗಿ ಬಾಟಲಿ ಬಂತು. ಅದರ ಜೊತೆಗೆ ಹಾಲು ಹಿಂಡುವ ಪುಟ್ಟ ಯಂತ್ರ, ಬಾಟಲಿ ಕುದಿಸಲು ಹೊಸ ಪಾತ್ರೆ, ತೊಳೆಯಲು ಉದ್ದ ಕುಂಚ ಎಲ್ಲವೂ ಬಂದವು. ಉಪದೇಶಗಳು ಮಾತ್ರ ದುಡ್ಡಿಲ್ಲದೆ ಬಂದವು. ಹೊಳಲ್ಕೆರೆಯಿಂದ ಅಮ್ಮ ಬಂದವಳೇ, "ಬಾಟಲಿ ರುಚಿ ಹತ್ತಿದರೆ ನಿನ್ನ ಮರೆತುಬಿಡ್ತಾನೆ ಕಣೇ" ಎಂದಳು. ಅದು ಹತ್ತಲೇ ಇಲ್ಲವೆಂದು ತಿಳಿದ ಮೇಲೆ, ಹತ್ತಲಪ್ಪಾ ಎಂದು ಊರ ಬಯಲು ಗಣಪತಿಗೆ ತೆಂಗಿನಕಾಯಿ ಹರಸಿಕೊಂಡವಳೂ ಅವಳೇ. ಎದುರುಮನೆಯವರು, ಎದೆಗೆ ಬೇವು ಅರೆದು ಹಚ್ಚಿಕೋ, ಎರಡೇ ದಿನದಲ್ಲಿ ಬಿಟ್ಟುಬಿಡುತ್ತಾನೆ ಎಂದರು. ನನಗೆ ಬೇಕಾದದ್ದು ಅವನು ಬಿಡುವುದಲ್ಲ. ಹಗಲು ಮಾತ್ರ ಬೇರೆ ಕೈಯಿಂದ ಕುಡಿಯುವುದು. ಇದನ್ನು ಅವರಿಗೆ ತಿಳಿಸುವುದು ಮಗನಿಗೆ ತಿಳಿಸುವಷ್ಟೇ ಕಷ್ಟವಾಯಿತು.

ಏನೂ ಹೇಳದೆ ಇದ್ದವರು ಹೊಸದುರ್ಗದಿಂದ ಬಂದಿದ್ದ ನಮ್ಮ ಅತ್ತೆ ಒಬ್ಬರೇ. ಅವರು ಬಾಟಲಿ ಕುದಿಸಿಕೊಡುವರು, ನಾನು ಸೋತ ಮೇಲೆ ತೊಳೆದಿಡುವರು. ಆ ಮೌನವನ್ನು ನಾನು ಆಕ್ಷೇಪಣೆಯೆಂದೇ ಓದಿಕೊಂಡೆ. ಕೂಸನ್ನು ಬಿಟ್ಟು ಸಂಬಳಕ್ಕೆ ಹೋಗುವ ಸೊಸೆಯನ್ನು ಕುರಿತು ಯಾವ ಅತ್ತೆ ತಾನೇ ಒಳಗೊಳಗೆ ಏನೂ ಅಂದುಕೊಂಡಿರುವುದಿಲ್ಲ?

ಮಕ್ಕಳ ವೈದ್ಯರ ಹತ್ತಿರ ಹೋದೆವು. ಆರು ತಿಂಗಳು ತುಂಬುವವರೆಗೆ ಎದೆಹಾಲೊಂದೇ, ಆಮೇಲೆ ಮೇಲೂಟದ ಜೊತೆಗೆ ಎರಡು ವರ್ಷದವರೆಗೆ, ಬೇಕಾದರೆ ಇನ್ನೂ ಮುಂದಕ್ಕೂ ಕುಡಿಸಬಹುದು ಎಂಬ ಪಾಠ ನನಗೆ ಬಾಯಿಪಾಠವಾಗಿತ್ತು. ಅವರು ನಕ್ಕು, "ಎಂಟು ತಿಂಗಳ ಮಗುವಿಗೆ ಬಾಟಲಿ ಯಾಕಮ್ಮ? ನಿಮ್ಮ ಮನೇಲಿ ಲೋಟ ಇಲ್ಲವೆ?" ಎಂದರು. ಬಾಟಲಿಯ ಮೂಲೆಯಲ್ಲಿ ಉಳಿದ ಹಾಲು ಹುಳಿತು ಮಗುವಿಗೆ ಭೇದಿ ತರುವುದೇ ಹೆಚ್ಚು ಎಂದೂ ಹೇಳಿದರು. ಮನೆಗೆ ಬಂದು ಲೋಟ ಹಿಡಿದೆ. ಮಗರಾಯ ಒಂದೇ ಏಟಿಗೆ ಅದನ್ನು ಕೆಡವಿದ. ಅರ್ಧ ಗಂಟೆ ಹಿಂಡಿ ಕೂಡಿಟ್ಟ ಹಾಲು ನೆಲದ ಪಾಲಾಯಿತು. ಅವನು ಅಳಲಿಲ್ಲ, ನಾನು ಅತ್ತೆ.

ಸೆಪ್ಟೆಂಬರಿನ ಮೊದಲ ವಾರ ಕೆಲಸಕ್ಕೆ ಹೋಗಲೇಬೇಕಾಯಿತು. ಅದು 2022ನೆಯ ಇಸವಿ. ಹಿರಿಯೂರಿನವರಾರೂ ಆ ವಾರವನ್ನು ಮರೆಯಲಾರರು. ಸುಮಾರು ತೊಂಬತ್ತು ವರ್ಷಗಳ ಮೇಲೆ ಮಾರಿಕಣಿವೆ ತುಂಬಿ ಕೋಡಿ ಬಿದ್ದಿತ್ತು. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ಆ ಅಣೆಕಟ್ಟೆಯ ಕೋಡಿಯನ್ನು ನಮ್ಮ ಕಚೇರಿಯ ಹಿರಿಯರು ಕೂಡ ಕಂಡಿರಲಿಲ್ಲ. ಬಾಗಿನ, ಜನಜಂಗುಳಿ, ಫೋಟೋ. ಎಲ್ಲರ ಬಾಯಲ್ಲೂ ಅದೇ ಮಾತು. ನಾನು ಮೇಜಿನ ಮುಂದೆ ಕೂತು ಫೋನು ನೋಡುತ್ತಿದ್ದೆ. ಹನ್ನೊಂದು ಗಂಟೆಗೆ ನಮ್ಮವರಿಂದ ಸುದ್ದಿ: ಕುಡಿದಿಲ್ಲ. ಒಂದು ಗಂಟೆಗೆ: ರಾಗಿ ಸರಿ ಎರಡು ಚಮಚ ತಿಂದ, ಹಾಲು ಮುಟ್ಟಿಲ್ಲ.

ಅಷ್ಟರಲ್ಲಿ ಹೊರಗೆ ಯಾವುದೋ ಕೆಲಸಕ್ಕೆ ಬಂದಿದ್ದ ಹೆಂಗಸಿನ ಕೂಸು ಅಳತೊಡಗಿತು. ಅಳದಿದ್ದರೆ ಹೆತ್ತ ತಾಯಿಯೂ ಹಾಲು ಕೊಡಳು ಎಂಬುದು ಗಾದೆ. ಅತ್ತದ್ದು ಯಾರ ಕೂಸು ಎಂದು ವಿಚಾರಿಸುವ ಅಭ್ಯಾಸ ಹಾಲಿಗಿಲ್ಲವೆಂದು ನನಗೆ ಅಂದು ತಿಳಿಯಿತು. ಅಳು ಕಿವಿಗೆ ಬಿದ್ದ ಕ್ಷಣವೇ ಎದೆ ಜುಮ್ಮೆಂದು ಸೀರೆ ನೆನೆಯಿತು. ಸೆರಗು ಹೊದ್ದುಕೊಂಡು ಹಳೆಯ ಕಡತಗಳ ಕೋಣೆಗೆ ಓಡಿ ಬಾಗಿಲು ಹಾಕಿಕೊಂಡೆ. ಹೊರಗೆ ಸಹೋದ್ಯೋಗಿಗಳು ಕೋಡಿಯ ನೀರು ಎಷ್ಟು ರಭಸ, ಎಷ್ಟು ವ್ಯರ್ಥ ಎಂದು ಚರ್ಚಿಸುತ್ತಿದ್ದರು. ಒಳಗೆ ನಾನು ಧೂಳು ಹಿಡಿದ ಕಡತಗಳ ನಡುವೆ, ಕೂಸಿಲ್ಲದೆ ಹಾಲು ಹಿಂಡುತ್ತ ನಿಂತಿದ್ದೆ. ಹಿಂಡದಿದ್ದರೆ ಎದೆ ಕಲ್ಲಾಗುತ್ತದೆ. ದಿನಗಟ್ಟಲೆ ಹಿಂಡದೆ ಬಿಟ್ಟರೆ, ಕೇಳುವವರಿಲ್ಲವೆಂದು ಹಾಲು ತಾನಾಗಿ ಕಡಿಮೆಯಾಗುತ್ತದೆ. ಈ ಎರಡರ ಭಯವೂ ನನಗಿತ್ತು.

ಮೂರೂಕಾಲಿಗೆ ಫೋನು ಮಿನುಗಿತು: ಕುಡಿದ. ಪೂರ್ತಿ ಕುಡಿದ.

ಓದುಗರು ನಂಬಬೇಕು, ನನಗೆ ಮೊದಲು ಆದದ್ದು ಸಂತೋಷವಲ್ಲ. ಹದಿನೆಂಟು ದಿನ ಯಾವುದಕ್ಕಾಗಿ ಒದ್ದಾಡಿದೆನೋ ಅದು ಕೈಗೂಡಿದಾಗ, ಯಾರೋ ನನ್ನ ಜಾಗದಲ್ಲಿ ಕೂತುಬಿಟ್ಟಂತೆ ಹೊಟ್ಟೆಯಲ್ಲಿ ಸಣ್ಣಗೆ ಉರಿಯಿತು. ಸಂಜೆಯ ಬಸ್ಸಿನಲ್ಲಿ ನಿಂತು ಬರುವಾಗ ಪುಣ್ಯಕೋಟಿಯ ನೆನಪಾಯಿತು. ಅದಕ್ಕೆ ಹುಲಿಯ ಅಪ್ಪಣೆ ಪಡೆದು ಕರುವಿಗೆ ಹಾಲೂಡಿಸಿ ಹಿಂದಿರುಗುವುದಿತ್ತು. ನನಗಿರುವುದು ಬೆರಳೊತ್ತುವ ಹಾಜರಿ ಯಂತ್ರ. ಅದಕ್ಕೆ ಸತ್ಯವಾಕ್ಯ ಹೇಳಿದರೆ ನಡೆಯುವುದಿಲ್ಲ.

ಮನೆಯಲ್ಲಿ ಬಾಟಲಿ ಬೆಳಿಗ್ಗೆ ಇಟ್ಟ ಹಾಗೆಯೇ ಇತ್ತು. ಅದರ ಪಕ್ಕದಲ್ಲಿ ಬೆಳ್ಳಿಯ ಒಳಲೆ. ಹಕ್ಕಿಯ ಕೊಕ್ಕಿನಂಥ ಮೂತಿಯ ಆ ಪುಟ್ಟ ಬಟ್ಟಲನ್ನು ನಮ್ಮ ಮನೆಯಲ್ಲಿ ನಾನು ಅದುವರೆಗೆ ಕಂಡಿರಲಿಲ್ಲ. "ಹೊಸದುರ್ಗದಿಂದ ಬರುವಾಗಲೇ ತಂದಿದ್ದೆ. ನೀನೇನಂದುಕೊಳ್ತೀಯೋ ಅಂತ ಸುಮ್ಮನಿದ್ದೆ" ಎಂದರು ಅತ್ತೆ. ಆಮೇಲೆ ಕೂಸಿನ ತಲೆ ಸವರುತ್ತ, ಯಾರಿಗೋ ಹೇಳುವಂತೆ ಹೇಳಿದರು: "ಇವರಪ್ಪನಿಗೆ ಮೂರು ತಿಂಗಳಾಗಿತ್ತು, ನಾನು ಇಸ್ಕೂಲಿಗೆ ಹೋದಾಗ. ನಮ್ಮತ್ತೆ ಇದರಲ್ಲೇ ಹಸುವಿನ ಹಾಲು ಹಾಕ್ತಿದ್ರು. ನಾನು ಗೋಡೆ ಹಿಂದೆ ನಿಂತು ನನ್ನ ಹಾಲು ಹಿಂಡಿ ಮಣ್ಣಿಗೆ ಚೆಲ್ತಿದ್ದೆ ಕಣಮ್ಮ. ಕೂಡಿಡಬಹುದು ಅಂತ ನಮಗೆ ಯಾರು ಹೇಳಿದ್ರು?"

ಅವರ ಕಾಲದಲ್ಲಿ ಹಾಲಿನ ಪುಡಿಯ ಡಬ್ಬಿಗಳ ಮೇಲೆ ದುಂಡುದುಂಡಾದ ಮಕ್ಕಳು ನಗುತ್ತಿದ್ದರು. ಅಂಥ ಡಬ್ಬಿಯೊಂದು ಅವರ ಅಡಿಗೆಮನೆಯಲ್ಲಿ ಹುಣಿಸೆಹಣ್ಣು ತುಂಬಿಕೊಂಡು ಇಂದಿಗೂ ಇದೆ. 1992ರ ಕಾಯಿದೆ ಡಬ್ಬಿಯ ಮೇಲಿನ ಆ ಚಿತ್ರಗಳನ್ನೂ ಜಾಹೀರಾತುಗಳನ್ನೂ ನಿಲ್ಲಿಸಿತು. ಆದರೆ ಗೋಡೆಯ ಹಿಂದೆ ನಿಂತ ತಾಯಂದಿರನ್ನು ಈಚೆ ಕರೆತರುವ ಕಾಯಿದೆ ಇನ್ನೂ ಪೂರ್ತಿಯಾಗಿ ಬಂದಂತಿಲ್ಲ. ಅತ್ತೆಯ ಗೋಡೆ ನನ್ನ ಪಾಲಿಗೆ ಕಡತಗಳ ಕೋಣೆಯಾಗಿದೆ, ಅಷ್ಟೆ. ನನ್ನ ಹಾಲು ಮಣ್ಣಿಗೆ ಹೋಗುತ್ತಿಲ್ಲ ಎಂಬುದೊಂದು ಭೇದ ಉಂಟು. ಮಂಜುಗಡ್ಡೆಯ ನಡುವೆ ಕೂತು ಬಸ್ಸಿನಲ್ಲಿ ದುರ್ಗಕ್ಕೆ ಬರುತ್ತದೆ. ಫ್ರಿಜ್ಜಿನಲ್ಲಿ ನಾಲ್ಕು ದಿನ ಕೆಡದೆ ಇರುತ್ತದೆ. ಬಿಸಿನೀರಿನಲ್ಲಿ ಇಟ್ಟು ಬೆಚ್ಚಗೆ ಮಾಡಿದರೆ, ಮೇಲೆ ತೇಲಿದ ಕೆನೆ ಮತ್ತೆ ಬೆರೆತುಕೊಳ್ಳುತ್ತದೆ.

ಅಮ್ಮ ಹೆದರಿದಂತೆ ಅವನು ನನ್ನನ್ನು ಮರೆಯಲಿಲ್ಲ. ಹಗಲಿನ ಬಾಕಿಯನ್ನು ರಾತ್ರಿ ಬಡ್ಡಿ ಸಮೇತ ವಸೂಲು ಮಾಡಿದ. ನಿದ್ದೆಗೆಟ್ಟು ಬೆಳಗಿನ ಬಸ್ಸಿನಲ್ಲಿ ತೂಗಡಿಸುವುದು ಅಭ್ಯಾಸವಾಯಿತು. ಒಳಲೆಯಿಂದ ಲೋಟಕ್ಕೆ ದಾಟಲು ಅವನಿಗೆ ಎರಡು ತಿಂಗಳು ಸಾಕಾಯಿತು. ಎರಡು ವರ್ಷ ತುಂಬುವ ಹೊತ್ತಿಗೆ, ಬೇವಿನ ಹಂಗಿಲ್ಲದೆ, ಒಂದು ರಾತ್ರಿ ಕೇಳುವುದನ್ನೇ ಮರೆತು ಮಲಗಿದ. ನಾನು ಮಾತ್ರ ಬಹಳ ಹೊತ್ತು ಎದ್ದೇ ಇದ್ದೆ.

ಬಾಟಲಿಯೇನಾಯಿತೆಂದು ಕೇಳುವಿರಾದರೆ, ಅದು ಅತ್ತೆಯವರ ಜೊತೆ ಹೊಸದುರ್ಗಕ್ಕೆ ಹೋಯಿತು. ಮೈಮೇಲೆ ಅಳತೆಯ ಗೆರೆಗಳಿವೆಯಲ್ಲ, ಕೊಬ್ಬರಿ ಎಣ್ಣೆ ಅಳೆಯಲು ಬಹಳ ಅನುಕೂಲವಂತೆ. ಒಳಲೆಯನ್ನು ಅವರು ಇಲ್ಲಿಯೇ ಬಿಟ್ಟುಹೋದರು.