ಅಮೀನನೂ ಜೊತೆಗಿದ್ದ

ಚಳಿಗಾಲದಲ್ಲಿ ಕಣದ ಕಾವಲಿಗೆ ಹೋದಾಗ ತೊಗರಿ ಕಟ್ಟಿಗೆಯ ಬೆಂಕಿ ಹಾಕಿಕೊಂಡು ತಾತ ಹೇಳುತ್ತಿದ್ದ ಕಥೆ ಹೆಚ್ಚಾಗಿ ಒಂದೇ: ನಿಜಾಮನ ಪರ ಆಯುಧ ಹಿಡಿದ ಖಾಸಗಿ ಪಡೆಯಾದ ರಜಾಕಾರರ ಹಾವಳಿ. ರಾಜರ ಹೆಸರು, ಒಪ್ಪಂದಗಳ ಹೆಸರು ಅವನಿಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ನೆಲದೊಳಗಿನ ಹಗೇವಿನ ಜೋಳ, ಹೊಳೆ, ಮತ್ತು ಠಾಣೆಯ ಪೊಲೀಸ್ ಅಧಿಕಾರಿ ಅಮೀನ.

ನಮ್ಮೂರು ನವಲಿ ಆಗ ನಿಜಾಮನ ರಾಯಚೂರು ಜಿಲ್ಲೆಯ ಹಳ್ಳಿ. ತುಂಗಭದ್ರೆ ದಾಟಿದರೆ ಕಂಪ್ಲಿ, ಹೊಸಪೇಟೆ. ಅದು ಮದ್ರಾಸ್ ಪ್ರಾಂತ್ಯ, 1947ರ ಆಗಸ್ಟ್ 15ರಿಂದ ಸ್ವತಂತ್ರ ಭಾರತ. ಈ ದಡದಲ್ಲಿ ಮಾತ್ರ ಇನ್ನೂ ನಿಜಾಮನ ಆಳ್ವಿಕೆ. ರಜಾಕಾರರು ಬರುತ್ತಾರಂತೆ ಎಂಬ ಸುದ್ದಿ ಹಬ್ಬಿದರೆ ಸಾಕು, ಹೆಂಗಸರನ್ನೂ ಮಕ್ಕಳನ್ನೂ ಬಂಡಿಯಲ್ಲಿ ಹೊಳೆ ಕಡೆ ಕಳಿಸಿ ಹರಿಗೋಲು ಹತ್ತಿಸುತ್ತಿದ್ದರಂತೆ. ಗಂಡಸರು ಹಗೇವಿನ ಬಾಯಿ ಮುಚ್ಚಿ, ಮೇಲೆ ಸಗಣಿ ಸಾರಿಸಿ, ತಿಪ್ಪೆ ಎಳೆದು ಗುರುತು ಸಿಗದಂತೆ ಮಾಡುತ್ತಿದ್ದರು.

"ಕಳ್ಳರು ಬಂದ್ರ ಅಮೀನನ ಕಡೆ ಓಡ್ತಿದ್ವಿ. ಅಮೀನನ ಕಳ್ಳರ ಸಂಗಾಟ ಬಂದ್ರ ಯಾರ ಕಡೆ ಓಡೋದು?" ಎಂದು ಕೇಳಿ ತಾತ ಸುಮ್ಮನಾಗುತ್ತಿದ್ದ.

ಅವನ ಆ ಪ್ರಶ್ನೆಗೆ ಉತ್ತರ ಹುಡುಕಿದರೆ ಹೈದರಾಬಾದಿನ ದರ್ಬಾರಿಗೇ ಹೋಗಬೇಕಾಗುತ್ತದೆ. ರಜಾಕಾರರ ಮುಖಂಡ ಕಾಸಿಂ ರಜ್ವಿ ಲಾತೂರಿನ ವಕೀಲ. 1947ರ ಅಕ್ಟೋಬರ್ ಕೊನೆಯಲ್ಲಿ ಭಾರತದೊಂದಿಗೆ ಒಪ್ಪಂದಕ್ಕೆ ಸಹಿ ಮಾಡಲು ನಿಜಾಮನ ನಿಯೋಗ ದೆಹಲಿಗೆ ಹೊರಟಿತ್ತು. ರಜ್ವಿಯ ಗುಂಪು ಆ ನಿಯೋಗದವರ ಮನೆಗಳನ್ನೇ ಸುತ್ತುವರಿದು ತಡೆಯಿತು. ಪ್ರಧಾನಿ ಛತಾರಿ ನವಾಬರು ಅಧಿಕಾರ ಬಿಟ್ಟರು, ಮೀರ್ ಲಾಯಕ್ ಅಲಿ ಬಂದರು. ಅಂದಿನಿಂದ ಸರ್ಕಾರಕ್ಕೆ ರಜಾಕಾರರು ಬೇಕು, ರಜಾಕಾರರಿಗೆ ಸರ್ಕಾರದ ಮರೆ ಬೇಕು ಎಂಬಂತಾಯಿತು. ನವೆಂಬರ್ 29ರಂದು ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಬಿದ್ದರೂ ಹಳ್ಳಿಗಳಲ್ಲಿ ಲೂಟಿ ನಿಲ್ಲಲಿಲ್ಲ.

ಯುದ್ಧ ಬರುತ್ತದೆಂದು ಸರ್ಕಾರಕ್ಕೂ ಗೊತ್ತಿತ್ತು. ಭಾರತ ದಿಗ್ಬಂಧನ ಹಾಕಿತ್ತು, ಬಂದೂಕು ಬರುವ ದಾರಿ ಇರಲಿಲ್ಲ. ಆಗ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವಿಮಾನಿಯನ್ನು ಹಿಡಿದರು. 1948ರಲ್ಲಿ ಅವನ ವಿಮಾನಗಳು ಕರಾಚಿಯಿಂದ ಕದ್ದುಮುಚ್ಚಿ ಬೀದರ್, ವರಂಗಲ್ ಕಡೆಗೆ ಆಯುಧ ಹೊತ್ತು ತಂದವು. ಮುಂದೆ ಲಂಡನ್ನಿನಲ್ಲಿ ಅವನಿಗೆ ಬಿದ್ದ ದಂಡ 200 ಪೌಂಡ್. ಒಂದು ರಾಜ್ಯದ ಸರ್ಕಾರವೇ ಕಳ್ಳಸಾಗಣೆದಾರನಿಗೆ ಹಣ ಕೊಟ್ಟು ಕೆಲಸ ಮಾಡಿಸಿತು ಎಂಬುದನ್ನು ಓದಿದಾಗ ತಾತನ ಅಮೀನ ನನಗೆ ಇನ್ನಷ್ಟು ಸ್ಪಷ್ಟವಾಗಿ ಕಂಡ.

ನಮ್ಮ ಜನ ಬರೀ ಓಡಲಿಲ್ಲ. ಗಡಿಯಾಚೆ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿ ಸ್ವಾಮಿಗಳು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರು ಶಿಬಿರ ಕಟ್ಟಿದರು. ಕೊಪ್ಪಳ, ಯಲಬುರ್ಗಾ, ಕುಷ್ಟಗಿ ಸೀಮೆಯ ಹುಡುಗರು ಅಲ್ಲಿ ಸೇರಿ ನಿಜಾಮನ ನಾಕಾ, ಠಾಣೆಗಳ ಮೇಲೆ ಎರಗಿದರು. ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಒಳಗೆ ಬಂತು, 17ಕ್ಕೆ ನಿಜಾಮ ಶರಣಾದ.

ಇಲ್ಲಿಗೆ ಕಥೆ ಮುಗಿಸುವವರೇ ಹೆಚ್ಚು. ತಾತ ಮುಗಿಸುತ್ತಿರಲಿಲ್ಲ. ಆಮೇಲೆ ಮುಸ್ಲಿಮರ ಮೇಲೆ ಸೇಡಿನ ಹಿಂಸೆ ನಡೆದಾಗ, ಹತ್ತಿ ಹಿಂಜಿಕೊಂಡು ಬದುಕಿದ್ದ ಮುಸ್ಲಿಂ ಪಿಂಜಾರರು ಮನೆ ಬಾಗಿಲು ತೆರೆಯಲೂ ಅಂಜಿದ್ದನ್ನು ಅವನು ತಪ್ಪದೆ ಹೇಳುತ್ತಿದ್ದ. "ಅವ್ರು ಯಾರ ಜ್ವಾಳ ಕದ್ದಿದ್ರು?" ಎನ್ನುತ್ತಿದ್ದ. ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಸಂಸ್ಥಾನದಲ್ಲಿ ಆ ಹಿಂಸೆಯಲ್ಲಿ ಸತ್ತವರು 27,000ದಿಂದ 40,000 ಎಂದು ಅಂದಾಜು ಮಾಡಿತು. ಕಲಬುರಗಿ, ಬೀದರ್ ಜಿಲ್ಲೆಗಳು ಅತಿ ಹೆಚ್ಚು ನರಳಿದವುಗಳಲ್ಲಿ ಸೇರಿದ್ದವು. ಆ ವರದಿಯನ್ನು ದಶಕಗಳ ಕಾಲ ಜನರಿಗೆ ತೋರಿಸಲಿಲ್ಲ. ಸೆಪ್ಟೆಂಬರ್ 17ರ ಧ್ವಜಾರೋಹಣದ ಭಾಷಣಗಳಲ್ಲಿ ಈ ಮಾತೂ ಬರಬೇಕು ಎಂದು ನಾನು ಹಟ ಹಿಡಿದು ಹೇಳುತ್ತೇನೆ.

ರಜ್ವಿಯನ್ನು ಕೊನೆಗೆ ಜೈಲಿಗೆ ಹಾಕಿದ್ದು ರಾಜದ್ರೋಹಕ್ಕಲ್ಲ, ದರೋಡೆಗೆ. 1948ರ ಜನವರಿಯಲ್ಲಿ ಹೈದರಾಬಾದ್ ಬಳಿಯ ಬೀಬಿನಗರದಲ್ಲಿ ನಡೆದ ಲೂಟಿಯ ಪ್ರಕರಣದಲ್ಲಿ ಏಳು ವರ್ಷ ಶಿಕ್ಷೆಯಾಯಿತು. 1953ರಲ್ಲಿ ಸುಪ್ರೀಂ ಕೋರ್ಟ್ ಅವನ ಮೇಲ್ಮನವಿ ತಳ್ಳಿತು. ಹೊಲ ಮನೆ ಕಳೆದುಕೊಂಡ ರೈತರು ಮೊದಲ ದಿನದಿಂದ ಅವನನ್ನು ಏನೆಂದು ಕರೆದಿದ್ದರೋ ನ್ಯಾಯಾಲಯವೂ ಅದನ್ನೇ ಬರೆಯಿತು. 1957ರಲ್ಲಿ ಬಿಡುಗಡೆಯಾಗಿ ಅವನು ಪಾಕಿಸ್ತಾನಕ್ಕೆ ಹೋದ. ಗೃಹಬಂಧನದಲ್ಲಿದ್ದ ಲಾಯಕ್ ಅಲಿ 1950ರಲ್ಲೇ ತಪ್ಪಿಸಿಕೊಂಡು ಅಲ್ಲಿಗೇ ಸೇರಿದ್ದ. ನಿಜಾಮರನ್ನು ಯಾವ ನ್ಯಾಯಾಲಯವೂ ಕರೆಸಲಿಲ್ಲ. 1950ರ ಜನವರಿ 26ರಿಂದ ಅವರು ಹೈದರಾಬಾದ್ ರಾಜ್ಯದ ರಾಜಪ್ರಮುಖರಾಗಿದ್ದರು, 1956ರಲ್ಲಿ ಆ ರಾಜ್ಯವೇ ಇಲ್ಲವಾಗುವವರೆಗೂ. ತಾತನ ಪಾಲಿಗೆ ಅದು ಅರ್ಧ ನ್ಯಾಯ. ನನ್ನ ತೀರ್ಮಾನವೂ ಅದೇ.