ನಮ್ಮ ಮನೆಯ ಚೈನೀಸು

ಈ ಸಂಚಿಕೆಗೆ ಏನಾದರೂ ಕೊಡಲೇಬೇಕೆಂದು ಸಂಘದ ಕಾರ್ಯದರ್ಶಿಗಳು ಮೂರು ಸಲ ಹೇಳಿದರು. ಕವಿತೆ ನನ್ನಿಂದ ಆಗುವ ಮಾತಲ್ಲ. ಕತೆ ಬರೆಯಲು ಕೂತರೆ ನಾಯಕ ಎರಡನೆಯ ಪುಟದಲ್ಲೇ ಲೋಕಲ್ ಟ್ರೇನು ಹತ್ತಿ ಹೋಗಿಬಿಡುತ್ತಾನೆ, ವಾಪಸು ಬರುವುದಿಲ್ಲ. ಕೊನೆಗೆ ಅವರು ರೇಗಿ, "ನಿನ್ನೆ ರಾತ್ರಿ ಮನೆಯಲ್ಲಿ ಏನು ತಿಂದೆಯೋ ಅದನ್ನಾದರೂ ಬರೆ ಮಾರಾಯ" ಎಂದರು. ಬರೆಯುತ್ತಿದ್ದೇನೆ. ನಿನ್ನೆ ರಾತ್ರಿ ನಾವು ತಿಂದದ್ದು ಶ್ಯಾವಿಗೆ ಚೌಮೀನ್.

ನಗಬೇಡಿ. ಊರಿನಲ್ಲಿ ಕಾಯಿಹಾಲಿನ ಜೊತೆಗೋ ಕೋಳಿ ಸಾರಿನ ಜೊತೆಗೋ ತಿನ್ನುವ ಒತ್ತು ಶ್ಯಾವಿಗೆ ಇದೆಯಲ್ಲ, ಅದನ್ನೇ ಕೋಸು, ಕ್ಯಾರೆಟ್ಟು, ಬೆಳ್ಳುಳ್ಳಿ, ಸೋಯಾ ಸಾಸ್ ಹಾಕಿ ಹುರಿದದ್ದು. ಕ್ಯಾಂಟೀನಿನಲ್ಲಿ ಇದನ್ನು ಹೇಳಿದಾಗ ಒಬ್ಬಳು ಗೆಳತಿ "ಓ, ಫ್ಯೂಶನ್!" ಎಂದಳು. ಹತ್ತನೆಯ ತನಕ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನನಗೆ ಆ ಶಬ್ದ ದೊಡ್ಡದಾಗಿ ಕಂಡಿತು. ನಮ್ಮ ಮನೆಯಲ್ಲಿ ಅದಕ್ಕೆ ಅಂಥ ಹೆಸರಿಲ್ಲ. ಅಮ್ಮ ಅದನ್ನು "ನಿಮ್ಮಪ್ಪಯ್ಯನ ಶ್ಯಾವಿಗೆ" ಎನ್ನುತ್ತಾಳೆ, ಅಪ್ಪಯ್ಯ "ನಿಮ್ಮಮ್ಮನ ಚೈನೀಸ್" ಎನ್ನುತ್ತಾರೆ. ಈ ಎರಡು ಹೆಸರು ಯಾಕೆ ಬಂದವು ಎಂಬುದೇ ಈ ಬರಹ.

ಅಪ್ಪಯ್ಯ ಕುಂದಾಪುರದ ಕಡೆಯ ಹಳ್ಳಿಯಿಂದ ಹದಿನಾಲ್ಕನೆಯ ವಯಸ್ಸಿಗೆ ಮುಂಬಯಿಗೆ ಬಂದವರು. ಆಗಿನ್ನೂ ಕೊಂಕಣ ರೈಲು ಇರಲಿಲ್ಲ. ಬಸ್ಸಿನಲ್ಲಿ ಒಂದು ದಿನ ಪೂರ್ತಿ ವಾಂತಿ ಮಾಡುತ್ತ ಬಂದೆ ಎಂದು ಈಗಲೂ ಹೇಳಿ ನಗುತ್ತಾರೆ. ಮೊದಲು ಟೇಬಲು ಒರೆಸುವ ಕೆಲಸ, ಜೊತೆಗೆ ರಾತ್ರಿ ಶಾಲೆ. ಆಮೇಲೆ ಕಾವಲಿಯ ಮುಂದೆ ನಿಂತು ದೋಸೆ. ಅದಾದ ಮೇಲೆ ಚೈನೀಸ್.

ಮುಂಬಯಿಯ ಕನ್ನಡಿಗರಿಗೆ ಉಡುಪಿ ಹೋಟೆಲಿನ ಕತೆಯನ್ನು ನಾನು ಹೇಳಬೇಕಾಗಿಲ್ಲ. ಎ. ರಾಮ ನಾಯಕರು ಮಾಟುಂಗಾದಲ್ಲಿ ಉಡಿಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದದ್ದು 1942ರಲ್ಲಿ. ಅಲ್ಲಿ ಬಾಳೆಲೆಯ ಊಟ. ಅಂಥ ಊಟ, ಇಡ್ಲಿ, ದೋಸೆಗಳಿಂದ ಹೊರಟ ನಮ್ಮವರ ಹೋಟೆಲುಗಳು ಗಿರಾಕಿ ಕೇಳಿದಂತೆ ಬದಲಾಗುತ್ತ ಬಂದವು. ಈಗ ಯಾವ ಉಪನಗರದ ಶೆಟ್ಟರ ಹೋಟೆಲಿಗೆ ಹೋದರೂ ಮೆನು ಕಾರ್ಡಿನಲ್ಲಿ ಮೊದಲು ಇಡ್ಲಿ ದೋಸೆ, ಮುಂದೆ ಪಾವ್‌ಭಾಜಿ, ಪಂಜಾಬಿ, ಅದರ ಮುಂದೆ ಚೈನೀಸ್. ಹಕ್ಕಾ ನೂಡಲ್ಸ್, ಶೆಜ್ವಾನ್ ರೈಸ್, ಮಂಚೂರಿಯನ್. ಎರಡನ್ನೂ ಮದುವೆ ಮಾಡಿಸಿ ಶೆಜ್ವಾನ್ ದೋಸೆ ಕೂಡ. ಅಪ್ಪಯ್ಯ ಕೆಲಸ ಮಾಡುತ್ತಿದ್ದ ಹೋಟೆಲಿನಲ್ಲಿ ಚೈನೀಸ್ ಸೆಕ್ಷನ್ ತೆರೆದಾಗ ಅಡಿಗೆಗೆ ಬಂದವನು ನೇಪಾಳದ ಒಬ್ಬ ಹುಡುಗ. ಅವನ ಪಕ್ಕದಲ್ಲಿ ಆರು ತಿಂಗಳು ನಿಂತು ಅಪ್ಪಯ್ಯ ಕೆಲಸ ಕಲಿತರು. ಅವನು ಊರಿಗೆ ಹೋದವನು ಮರಳಲಿಲ್ಲ, ಸೌಟು ಅಪ್ಪಯ್ಯನ ಕೈಗೆ ಬಂತು.

ಹಾಗೆ ಅಪ್ಪಯ್ಯನ ಕೈರುಚಿಯನ್ನು ಎಷ್ಟೋ ಸಾವಿರ ಜನ ಉಂಡಿದ್ದಾರೆ. ನಾವು ಉಂಡಿರಲಿಲ್ಲ. ನಾನೂ ತಂಗಿಯೂ ಶಾಲೆಗೆ ಹೊರಡುವಾಗ ಅವರು ಮಲಗಿರುತ್ತಿದ್ದರು, ನಾವು ಮಲಗಿದ ಮೇಲೆ ಬರುತ್ತಿದ್ದರು. ಎಂದಾದರೊಮ್ಮೆ ಪಾರ್ಸೆಲ್ಲು ತಂದರೆ ಅದನ್ನು ಮರುದಿನ ಬೆಳಿಗ್ಗೆ ಬಿಸಿಮಾಡಿ ತಿನ್ನುತ್ತಿದ್ದೆವು. ಮನೆಯಲ್ಲಿ ಅವರು ಒಲೆಯ ಹತ್ತಿರ ಹೋದದ್ದನ್ನೇ ನಾನು ಕಂಡಿರಲಿಲ್ಲ. ಹೋಟೆಲಿನಲ್ಲಿ ಅಡಿಗೆಯವರೆಲ್ಲ ಗಂಡಸರು, ಮನೆಯಲ್ಲಿ ಹೆಂಗಸರು. ಈ ಏರ್ಪಾಡನ್ನು ಯಾರು ಮಾಡಿದರೋ!

2020ರ ಮಾರ್ಚಿನಲ್ಲಿ ಎಲ್ಲ ಬಂದ್ ಆಯಿತು. ನಾನಾಗ ಒಂಬತ್ತನೆಯಲ್ಲಿದ್ದೆ. ಭಾಂಡುಪಿನ ನಮ್ಮ ಚಾಳಿನ ಖೋಲಿ ಹತ್ತು ಅಡಿಗೆ ಹನ್ನೆರಡು ಅಡಿ. ಅದರಲ್ಲಿ ಅಪ್ಪಯ್ಯ ಇಡೀ ದಿನ ಇರುವುದೆಂದರೆ ನಮಗೆ ನೆಂಟರು ಬಂದಂತೆ ಆಗುತ್ತಿತ್ತು. ಅವರಿಗೂ ಕೈಕಾಲು ಎಲ್ಲಿ ಇಡಬೇಕೆಂದು ತಿಳಿಯುತ್ತಿರಲಿಲ್ಲ. ಧಣಿಗಳು ಎರಡು ತಿಂಗಳು ಅರ್ಧ ಸಂಬಳ ಕಳಿಸಿದರು, ಆಮೇಲೆ ಫೋನು ಎತ್ತಲಿಲ್ಲ. ಅವರನ್ನು ದೂರಿ ಏನು ಪ್ರಯೋಜನ, ಅವರ ಗಲ್ಲವೂ ಖಾಲಿಯೇ. ಆಜುಬಾಜಿನ ಎಷ್ಟೋ ಜನ ಊರಿಗೆ ಹೋದರು. ನಾವು ಹೋಗುವುದೋ ಬೇಡವೋ ಎಂಬ ಮಾತು ದಿನಾ ರಾತ್ರಿ ಏಳುತ್ತಿತ್ತು, ತೀರ್ಮಾನವಾಗದೆ ಮಲಗುತ್ತಿತ್ತು.

ಅಂಥ ಒಂದು ದಿನ ಮನೆಯಲ್ಲಿದ್ದದ್ದು ರಾತ್ರಿ ಉಳಿದ ಬೆಳ್ತಿಗೆ ಅನ್ನ, ಅರ್ಧ ಕೋಸು, ನಾಲ್ಕು ಬೀನ್ಸು. ಅಪ್ಪಯ್ಯ ಎದ್ದು ನಿಂತು, "ಇವತ್ತ್ ನಾನ್ ಮಾಡ್ತೆ" ಎಂದರು. ಅಮ್ಮ, "ನೀವ್ ಸುಮ್ನೆ ಕೂಕಣಿ" ಎಂದಳು. ಅಪ್ಪಯ್ಯ ಕೂರಲಿಲ್ಲ. ತರಕಾರಿಯನ್ನು ಅವರು ಹೆಚ್ಚಿದ ವೇಗ ನೋಡಿ ತಂಗಿ ಬಾಯಿ ಬಿಟ್ಟುಕೊಂಡು ನಿಂತಳು. ಅದೇನು ಕೈ! ಕೋಸು ಕೂದಲೆಳೆಯಂತೆ ಉದುರುತ್ತಿತ್ತು.

ಆದರೆ ಅಡಿಗೆ ಕೆಟ್ಟಿತು. ಹೋಟೆಲಿನ ಭಟ್ಟಿ ಬೇರೆ, ಮನೆಯ ಗ್ಯಾಸು ಬೇರೆ. ಅಲ್ಲಿ ಬೆಂಕಿ ಬಾಣಲೆಯ ಅಂಚಿನ ತನಕ ಏಳುತ್ತದೆ, ಹಾಕಿದ ತರಕಾರಿಯ ನೀರು ಆ ಕ್ಷಣಕ್ಕೇ ಆರುತ್ತದೆ. ಇಲ್ಲಿ ನಾಲ್ಕು ಜನರ ಅನ್ನವನ್ನು ಒಂದೇ ಸಲ ಸುರಿದದ್ದರಿಂದ ಬಾಣಲೆ ತಣ್ಣಗಾಗಿ, ತರಕಾರಿ ನೀರುಬಿಟ್ಟು, ಎಲ್ಲ ಮುದ್ದೆಯಾಯಿತು. ಮೇಲಿಂದ ಉಪ್ಪು ಕಹಿ. ಪ್ಲೇಟುಗಳ ಲೆಕ್ಕದಲ್ಲಿ ಸೌಟು ಆಡಿಸುತ್ತಿದ್ದ ಕೈಗೆ ಚಮಚದ ಅಂದಾಜು ಸಿಗಲಿಲ್ಲ. ಯಾರೂ ಮಾತಾಡದೆ ಉಂಡೆವು. ಅಪ್ಪಯ್ಯ ಅರ್ಧದಲ್ಲೇ ಕೈತೊಳೆದು ಹೊರಗೆ ಗ್ಯಾಲರಿಯಲ್ಲಿ ಹೋಗಿ ನಿಂತರು. ಸಂಬಳ ನಿಂತಾಗ ಅವರ ಮುಖ ಹಾಗಾಗಿರಲಿಲ್ಲ.

ಮರುದಿನ ಅಮ್ಮನೇ ಅನ್ನ ಹೆಚ್ಚು ಮಾಡಿದಳು. ರಾತ್ರಿ ಅದನ್ನು ತಟ್ಟೆಯಲ್ಲಿ ಹರವಿ ಬೇಗ ಆರಿಸಿ, ಮುಚ್ಚಿ ಫ್ರಿಜ್ಜಿನಲ್ಲಿಟ್ಟಳು. (ಮುಂಬಯಿಯ ಸೆಕೆಯಲ್ಲಿ ಅನ್ನವನ್ನು ರಾತ್ರಿಯಿಡೀ ಹೊರಗಿಡಬಾರದು. ಹೊಟ್ಟೆ ಕೆಡಿಸುವ ಸೂಕ್ಷ್ಮಜೀವಿ ಅದರಲ್ಲಿ ಬೆಳೆಯುತ್ತದೆ, ಆಮೇಲೆ ಬಿಸಿಮಾಡಿದರೂ ಅದರ ವಿಷ ಹೋಗುವುದಿಲ್ಲ.) ಬೆಳಿಗ್ಗೆ ಇಷ್ಟೇ ಹೇಳಿದಳು: "ಹ್ವಾಯ್, ಒಂದೇ ಸಲ ಹಾಕ್ಬೇಡಿ. ಎರಡ್ ಸಲ ಮಾಡಿ, ಕಾಂಬ."

ಆ ದಿನದ್ದನ್ನು ನಾನು ಮರೆಯುವುದಿಲ್ಲ. ನೀವೂ ಮಾಡಬಹುದು, ಆದ್ದರಿಂದ ಬರೆಯುತ್ತೇನೆ. ಕಬ್ಬಿಣದ ಬಾಣಲೆ ಹೊಗೆಯಾಡುವ ತನಕ ಕಾಯಬೇಕು. ಇಬ್ಬರಿಗಾದರೆ ಎರಡು ಚಮಚ ಎಣ್ಣೆ, ಜಜ್ಜಿದ ಐದಾರು ಎಸಳು ಬೆಳ್ಳುಳ್ಳಿ, ಸೀಳಿದ ಹಸಿಮೆಣಸು. ಸಣ್ಣಗೆ ಹೆಚ್ಚಿದ ತರಕಾರಿ ಹಾಕಿ ದೊಡ್ಡ ಉರಿಯಲ್ಲಿ ಎರಡೇ ನಿಮಿಷ. ಕಚ್ಚಿದರೆ ಕಟುಂ ಎನ್ನಬೇಕು. ಆಮೇಲೆ ಉದುರು ಮಾಡಿದ ತಣ್ಣನೆಯ ಅನ್ನ. ಬಿಸಿ ಅನ್ನ ಮೆತ್ತಗಿದ್ದು ಅಂಟುತ್ತದೆ, ತಣ್ಣಗಾದ ಅಗಳು ಗಟ್ಟಿಯಾಗಿ ಬಿಡಿಬಿಡಿಯಾಗಿರುತ್ತದೆ. ನಮ್ಮ ಚಿತ್ರಾನ್ನದ ಗುಟ್ಟೂ ಇದೇ ಅಲ್ಲವೇ? ಒಂದು ಚಮಚ ಸೋಯಾ ಸಾಸನ್ನು ಅನ್ನದ ಮೇಲಲ್ಲ, ಬಾಣಲೆಯ ಅಂಚಿಗೆ ಬಿಡಬೇಕು. ಅದು ಚುರ್ ಎಂದು ಕಾದಾಗ ಪರಿಮಳ ಏಳುತ್ತದೆ. ಅರ್ಧ ಚಮಚ ವಿನೆಗರ್, ಕಾಳುಮೆಣಸಿನ ಪುಡಿ, ಕೊನೆಗೆ ಈರುಳ್ಳಿ ಸೊಪ್ಪು. ಸೋಯಾದಲ್ಲೇ ಉಪ್ಪಿರುವುದರಿಂದ ಉಪ್ಪನ್ನು ರುಚಿ ನೋಡಿದ ಮೇಲೆ ಹಾಕಿ. ಹೋಟೆಲಿನ ಬಿಳಿ ಪುಡಿ ಬೇಡವೇ ಎಂದು ನಾನು ಕೇಳಿದೆ. ಅಜಿನೊಮೊಟೊ. 1908ರಲ್ಲಿ ಜಪಾನಿನ ಇಕೆಡಾ ಎಂಬ ವಿಜ್ಞಾನಿ ಕಡಲಪಾಚಿಯ ಸಾರಿನಲ್ಲಿ ಹುಡುಕಿದ ರುಚಿ ಅದು. ಅಪ್ಪಯ್ಯ, "ಅದ್ ಗಡಿಬಿಡಿಯವರಿಗೆ ಮಗಾ, ನಮ್ಗೆ ಈಗ ಎಂತ ಗಡಿಬಿಡಿ?" ಎಂದರು.

ಆ ದಿನ ಬಾಣಲೆಯಲ್ಲಿ ಒಂದು ಅಗಳೂ ಉಳಿಯಲಿಲ್ಲ.

ಆಮೇಲೆ ಅಮ್ಮನ ಸರದಿ. ನೂಡಲ್ಸಿನ ಪಾಕೀಟು ತರುವುದೇಕೆಂದು ಅಟ್ಟದ ಮೇಲಿದ್ದ ಶ್ಯಾವಿಗೆ ಮಣೆ ಇಳಿಸಿದಳು. ಅಕ್ಕಿ ನೆನೆಸಿ, ರುಬ್ಬಿ, ಹಿಟ್ಟನ್ನು ಕಾಸಿ, ಉಂಡೆ ಕಟ್ಟಿ, ಬೇಯಿಸಿ, ಬಿಸಿಯಿರುವಾಗಲೇ ಒತ್ತಿದಳು. ಒತ್ತಿದ ಶ್ಯಾವಿಗೆ ಆರಿದ ಮೇಲೆ ಕೈಗೆ ಎಣ್ಣೆ ಸವರಿಕೊಂಡು ಎಳೆ ಬಿಡಿಸಿದಳು. ಅಪ್ಪಯ್ಯ ಹುರಿದರು. ಗೋದಿಯ ನೂಡಲ್ಸಿನಷ್ಟು ಎಳೆತ ಇದಕ್ಕಿಲ್ಲ, ಸೌಟಿನಿಂದ ಕೆದಕಿದರೆ ತುಂಡಾಗುತ್ತದೆ. ಬಾಣಲೆಯನ್ನೇ ಕುಲುಕಿ ತಿರುವಬೇಕು.

ಹಾಗೆಯೇ ಶೆಜ್ವಾನ್ ಚಟ್ನಿ. ಇಪ್ಪತ್ತು ಬ್ಯಾಡಗಿ ಮೆಣಸು ಬಿಸಿನೀರಲ್ಲಿ ನೆನೆಸಿ ರುಬ್ಬಿ, ಒಂದು ಗಡ್ಡೆ ಬೆಳ್ಳುಳ್ಳಿ, ತುಂಡು ಶುಂಠಿ ಎಣ್ಣೆಯಲ್ಲಿ ಬಾಡಿಸಿ, ಎಣ್ಣೆ ಬಿಡುವ ತನಕ ಕುದಿಸಿ, ವಿನೆಗರ್, ಸಕ್ಕರೆ, ಉಪ್ಪು. ಇದು ಸಿಚುವಾನ್ ಎಂಬ ಚೀನದ ಪ್ರಾಂತದ ಹೆಸರು ಹೊತ್ತಿದೆ. ಆದರೆ ಅಲ್ಲಿನ ಅಡಿಗೆಯ ಗುರುತಾದ, ನಾಲಗೆ ಜುಮ್ಮೆನ್ನಿಸುವ ಕಾಯಿ ಮುಂಬಯಿಯ ಶೆಜ್ವಾನಿನಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ! ತಮಾಷೆ ಏನೆಂದರೆ ಅದೇ ಕುಲದ ಕಾಯಿ ನಮ್ಮ ಪಶ್ಚಿಮ ಘಟ್ಟದಲ್ಲಿದೆ. ಕನ್ನಡದಲ್ಲಿ ಜುಮ್ಮನಕಾಯಿ, ಮರಾಠಿಯಲ್ಲಿ ತಿರ್‌ಫಳ. ಪಕ್ಕದ ಖೋಲಿಯ ಮಾಲ್ವಣದ ಮಾವ್ಶಿ ಬಂಗುಡೆ ಸಾರಿಗೆ ಹಾಕುವುದು ಅದನ್ನೇ. ಅಮ್ಮ ಅವರಿಂದ ನಾಲ್ಕು ಕಾಯಿ ಇಸಕೊಂಡು ಬೀಜ ತೆಗೆದು ಸಿಪ್ಪೆ ಜಜ್ಜಿ ಚಟ್ನಿಗೆ ಹಾಕಿದಳು. ಏನೂ ಗೊತ್ತಿಲ್ಲದೆಯೇ ಮುಂಬಯಿಯ ಹೋಟೆಲಿಗಿಂತ ಚೀನಕ್ಕೆ ಒಂದು ಹೆಜ್ಜೆ ಹತ್ತಿರ ಹೋದಳು.

ಇದೆಲ್ಲ ನಿಜವಾದ ಚೈನೀಸೇ ಎಂದು ಕೇಳುವವರಿದ್ದಾರೆ. ಮಂಚೂರಿಯನ್ ಹುಟ್ಟಿದ್ದೇ ನಮ್ಮ ಮುಂಬಯಿಯಲ್ಲಿ ಎನ್ನುತ್ತಾರೆ. 1975ರ ಸುಮಾರಿಗೆ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ಅಡಿಗೆ ಮಾಡುತ್ತಿದ್ದ, ಕಲ್ಕತ್ತೆಯಲ್ಲಿ ಹುಟ್ಟಿದ ನೆಲ್ಸನ್ ವಾಂಗ್ ಅವರು ಹೊಸತೇನಾದರೂ ಕೊಡಿ ಎಂದ ಗಿರಾಕಿಗೆ ಬೆಳ್ಳುಳ್ಳಿ, ಶುಂಠಿ, ಹಸಿಮೆಣಸು ಬಾಡಿಸಿ, ಗರಂ ಮಸಾಲೆಯ ಬದಲು ಸೋಯಾ ಸಾಸ್ ಹಾಕಿ, ಕಾರ್ನ್‌ಫ್ಲೋರಿನಿಂದ ಮಂದ ಮಾಡಿ ಕೋಳಿ ಬಡಿಸಿದರಂತೆ. ಅಪ್ಪಯ್ಯನಿಗೆ ಈ ಕತೆ ಹೇಳಿದೆ. "ಹಂಗಾರೆ ನಾನೂ ನಿಮ್ಮಮ್ಮನೂ ಮಾಡದ್ದ್ ಅದೇ ಅಲ್ದಾ" ಎಂದರು.

ಅಕ್ಟೋಬರ್ 2020ರಲ್ಲಿ ಹೋಟೆಲುಗಳು ಅರ್ಧ ಗಿರಾಕಿಗಳೊಡನೆ ತೆರೆದವು. ಅರ್ಧ ಕೆಲಸಗಾರರನ್ನೇ ಕರೆದರು. ಆ ಅರ್ಧದಲ್ಲಿ ಅಪ್ಪಯ್ಯ ಇರಲಿಲ್ಲ. ಮೂವತ್ತು ವರ್ಷದ ಚಾಕರಿ ಒಂದು ಫೋನು ಬಾರದೆ ಮುಗಿಯಿತು. ಆಗ ಅಮ್ಮ, ಆಚೀಚೆಯವರಿಗೆ ಡಬ್ಬ ಕೊಡುವ ಎಂದಳು. ಸರಕಾರದ ಆಹಾರ ನೋಂದಣಿಗೆ ಆಗ ವರ್ಷಕ್ಕೆ ನೂರು ರೂಪಾಯಿ ಇತ್ತು. ಅರ್ಜಿ ತುಂಬಿದವನು ನಾನೇ. ಮಾಲಿಕರ ಹೆಸರು ಎಂಬಲ್ಲಿ ಅಮ್ಮನ ಹೆಸರು ಬರೆದಾಗ ಅವಳು ಎರಡು ಸಲ ಓದಿಸಿದಳು. ದಿನಾ ಅನ್ನ ಸಾರು, ಬುಧವಾರ ಶನಿವಾರ ಶ್ಯಾವಿಗೆ ಚೌಮೀನ್. ಶನಿವಾರದ ಡಬ್ಬಗಳೇ ಮೊದಲು ಖರ್ಚಾಗುತ್ತಿದ್ದವು.

ಹನ್ನೊಂದನೆಯಲ್ಲಿ ಕಾಮರ್ಸಿಗೆ ಸೇರಿದ ಮೇಲೆ ನನಗೆ ವಿದ್ಯೆ ತೋರಿಸುವ ಹುಮ್ಮಸ್ಸು. ಒಂದು ಪ್ಲೇಟು ಶ್ಯಾವಿಗೆಯ ಲೆಕ್ಕ ಬರೆದೆ. ಅಕ್ಕಿ, ಎಣ್ಣೆ 10 ರೂ.; ತರಕಾರಿ 9; ಸಾಸ್, ವಿನೆಗರ್, ಮೆಣಸು 5; ಗ್ಯಾಸ್ 6; ಡಬ್ಬ 5. ಒಟ್ಟು 35. ಮಾರಾಟ 60. ಲಾಭ 25! ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದು ಓದಿ ಹೇಳಿದೆ. ಅಮ್ಮ ಶ್ಯಾವಿಗೆ ಬಿಡಿಸುತ್ತಿದ್ದವಳು ತಲೆ ಎತ್ತದೆ ಕೇಳಿದಳು: "ಇದ್ರಗೆ ನಮ್ಮಿಬ್ರ ಕೂಲಿ ಎಲ್ಲಿತ್ತ್ ಮಗಾ?"

ಎಲ್ಲಿಯೂ ಇರಲಿಲ್ಲ. ಪುಸ್ತಕದಲ್ಲಿ ಕಚ್ಚಾಮಾಲಿನ ಕೆಳಗಿನ ಸಾಲೇ ಕೂಲಿ. ಆ ಸಾಲನ್ನೇ ನಾನು ಬಿಟ್ಟಿದ್ದೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ರುಬ್ಬುವವಳನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ಅದು ಖರ್ಚು ಎಂದು ತೋಚಿರಲಿಲ್ಲ. ನಾಚಿಕೆಯಾಯಿತು. ಎಷ್ಟು ಬರೆಯಲಿ ಎಂದು ಅಪ್ಪಯ್ಯನನ್ನು ಕೇಳಿದೆ. ಸ್ವಲ್ಪ ಯೋಚಿಸಿ, "ನಂದ್ ಹತ್ತ್ ಬರಿ. ಅವಳದ್ದ್ ಐದ್ ಹೆಚ್ಚ್ ಬರಿ, ಒತ್ತುದ್ ಅವಳೇ ಅಲ್ದಾ" ಎಂದರು. ಬರೆದೆ. ಹತ್ತು, ಹದಿನೈದು. ಒಟ್ಟು ಸರಿಯಾಗಿ ಅರುವತ್ತಾಯಿತು. ನಾನು ಲಾಭವೆಂದು ಅಡಿಗೆರೆ ಎಳೆದದ್ದು ಅವರ ಕೂಲಿಯನ್ನೇ. ಮುಂದಿನ ತಿಂಗಳು ಪ್ಲೇಟಿಗೆ ಎಪ್ಪತ್ತು ಮಾಡಿದೆವು. ಇಬ್ಬರು ಗಿರಾಕಿ ಬಿಟ್ಟುಹೋದರು. ಒಬ್ಬರು ಹದಿನೈದು ದಿನದಲ್ಲಿ ತಿರುಗಿ ಬಂದರು.

ಅಪ್ಪಯ್ಯ 2022ರಲ್ಲಿ ಬೇರೊಂದು ಹೋಟೆಲು ಸೇರಿದರು. ಅಮ್ಮನ ಡಬ್ಬ ನಿಲ್ಲಲಿಲ್ಲ. ನನ್ನ ಕಾಲೇಜಿನ ಫೀಸು ಹೋಗುವುದು ಆ ಡಬ್ಬದಿಂದ. ಅಪ್ಪಯ್ಯನಿಗೆ ವಾರದ ರಜೆ ಸೋಮವಾರ. ಆ ರಾತ್ರಿ ನಮ್ಮಲ್ಲಿ ಯಾರಿಗೂ ಮಾರದ ಶ್ಯಾವಿಗೆ ಚೌಮೀನ್, ನಾಲ್ಕೇ ಪ್ಲೇಟು. ನಿನ್ನೆ ಸೋಮವಾರ.

ರೂಮು ಮಾಡಿಕೊಂಡಿರುವ ಗೆಳೆಯರು ತಣ್ಣನ್ನದ ಫ್ರೈಡ್ ರೈಸಿನಿಂದ ಶುರು ಮಾಡಿ, ಅದಕ್ಕೆ ಒಬ್ಬರು ಸಾಕು. ಶ್ಯಾವಿಗೆಗೆ ಮಾತ್ರ ಇಬ್ಬರು ಬೇಕು. ಒಬ್ಬರು ಮಣೆ ಹಿಡಿಯಬೇಕು, ಒಬ್ಬರು ಒತ್ತಬೇಕು. ಈಗ ನಮ್ಮ ಮನೆಯಲ್ಲಿ ಮಣೆ ಹಿಡಿಯುವವನು ನಾನು.